ನಕಲು ಎಂದು ಅಳಿಸಿಹೋದ ಮುನ್ನೂರು ಜನ

ಮನೆಯ ಹಿಂದಿನ ಶೆಡ್ಡಿನಲ್ಲಿ ತಗಡು ಕತ್ತರಿಸುವ ಪ್ರೆಸ್ಸು ಬೆಳಿಗ್ಗೆ ಏಳಕ್ಕೆ ಧಡ್ ಎಂದು ಶುರುವಾದರೆ ಗೋಡೆಯ ಕನ್ನಡಿ ಸಣ್ಣಗೆ ನಡುಗುತ್ತದೆ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಮೌನ. ಆ ಮೌನದಲ್ಲೇ ವೇಣಿ ಕುಂಕುಮ ಇಟ್ಟುಕೊಳ್ಳುತ್ತಾಳೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ಓರೆಯಾಗಿಲ್ಲ.

ಚಂದಾಪುರದ ಬಸ್ ಸ್ಟಾಪಿನ ಹಿಂದೆ ಅವಳದೊಂದು ಆನ್‌ಲೈನ್ ಸೇವೆಯ ಅಂಗಡಿ. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಗಾರ್ಮೆಂಟ್ಸಿನ ಹೆಂಗಸರು, ಲೇತ್ ಕೆಲಸದವರು ಅಲ್ಲಿ ಪಿಎಫ್, ರೇಷನ್ ಕಾರ್ಡು, ಮಕ್ಕಳ ಅರ್ಜಿ ತುಂಬಿಸಿಕೊಳ್ಳುತ್ತಾರೆ. ಹೋಗುವಾಗ ಪಾಸ್‌ವರ್ಡನ್ನು ಅವಳ ಬಳಿಯೇ ಬಿಟ್ಟುಹೋಗುತ್ತಾರೆ. "ನೀವೇ ಇಟ್ಕಳಿ ಅಕ್ಕ, ನನ್ ಹತ್ರ ಕಳ್ದೋಯ್ತದೆ."

ವೇಣಿ ಅವನ್ನೆಲ್ಲ ಒಂದು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಹೆಸರು ಬರೆಯುತ್ತಿರಲಿಲ್ಲ. "ಎರಡು ಮೂಗುಬೊಟ್ಟು", "ಎಡಗೈ ಸಹಿ", "ಮೂರನೇ ಕ್ರಾಸಿನ ಕೆಮ್ಮು" ಎಂದಷ್ಟೇ. ಪುಸ್ತಕ ಕದ್ದವನಿಗೆ ಸಿಗುವುದು ಬರೀ ಮೂಗು, ಕೈ, ಕೆಮ್ಮು. ಯಾರದು ಯಾವುದು ಎಂಬುದು ಅವಳ ಕಣ್ಣಿಗಷ್ಟೇ ಗೊತ್ತು.

ಅವಳ ಮೈದುನ ಮುರಳಿಗೆ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ. ಏನು ಕೆಲಸ ಎಂದರೆ ಗಾಳಿಯಲ್ಲಿ ಎರಡು ಡಬ್ಬ ಬರೆದು, ನಡುವೆ ಒಂದು ಗೆರೆ ಎಳೆದು ತೋರಿಸುತ್ತಾನೆ. ಅವನು ಒಂದು ಭಾನುವಾರ ಬಂದವನು ಪುಸ್ತಕ ನೋಡಿ ಹಣೆ ಚಚ್ಚಿಕೊಂಡ.

"ಅತ್ತಿಗೆ, ಇದು ಕ್ರೈಮ್ ಕಣ್ರೀ! ಒಂದು ಆ್ಯಪ್ ಇದೆ, ಎಲ್ಲಾ ಪಾಸ್‌ವರ್ಡೂ ಅದರೊಳಗೆ. ನಮ್ ಆಫೀಸಲ್ಲಿ ಎಲ್ರೂ ಅದನ್ನೇ ಯೂಸ್ ಮಾಡೋದು."

"ಅದರೊಳಗೆ ಏನ್ ನಡಿಯತ್ತೆ ಅಂತ ಯಾರಾದ್ರೂ ನೋಡಿದಾರಾ?"

"ಯಾರೂ ನೋಡಂಗಿಲ್ಲ. ಕೋಡು ಕಂಪನಿ ಸೀಕ್ರೆಟ್. ಅದೇ ಸೇಫ್ಟಿ."

"ನೋಡ್ದೇ ನಂಬೋಕೆ ಅದೇನ್ ದೇವರೇನೋ?"

"ದೇವ್ರಿಗೆ ಕಸ್ಟಮರ್ ಕೇರ್ ಇದ್ಯಾ ಅತ್ತಿಗೆ?"

ಕುರ್ಚಿಯಲ್ಲಿ ಕಾಯುತ್ತಿದ್ದ ಇಬ್ಬರು ನಕ್ಕರು. ವೇಣಿ ಒಪ್ಪಿದ್ದು ಆ ನಗುವಿಗೆ. ನಂಬಿಕೆಯಿಂದಲ್ಲ, ನಾಚಿಕೆಯಿಂದ. ಹಳೇ ಕಾಲದವಳು ಅನ್ನಿಸಿಕೊಳ್ಳುವ ಭಯಕ್ಕೆ ಬುದ್ಧಿ ಬಾಯಿ ಮುಚ್ಚಿಕೊಂಡಿತು ಎಂದು ಆಮೇಲೆ ಅವಳು ತನ್ನನ್ನೇ ಹೀಗಳೆದುಕೊಂಡಳು.

ಮುರಳಿ ಇಡೀ ಮಧ್ಯಾಹ್ನ ಕೂತು ಪುಸ್ತಕವನ್ನು ಆ್ಯಪಿಗೆ ಏರಿಸಿದ. ಮೂರು ಲೋಟ ಟೀ, ಒಂದು ಪ್ಯಾಕ್ ಖಾರಾ ಬಿಸ್ಕತ್ತು ಖರ್ಚಾಯಿತು. "ಎರಡು ಮೂಗುಬೊಟ್ಟು ಅನ್ನೋದು ಯೂಸರ್‌ನೇಮಾ ಅತ್ತಿಗೆ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕು, ಹೆಸರಿನ ಜಾಗವನ್ನೆಲ್ಲ ಖಾಲಿ ಬಿಟ್ಟ. ಸಂಜೆ ಪುಸ್ತಕವನ್ನೂ ಎತ್ತಿಕೊಂಡು ಹೋಗಿ, ಆಫೀಸಿನ ಯಂತ್ರಕ್ಕೆ ಕೊಟ್ಟು ಎಳೆ ಎಳೆಯಾಗಿ ಕತ್ತರಿಸಿ, ಫೋಟೋ ಕಳಿಸಿದ. ಸೇವಿಗೆಯಂಥ ಕಾಗದ. ಅದರಲ್ಲೊಂದು ಎಳೆಯ ಮೇಲೆ ಅವಳ ಅಕ್ಷರದ ಬಾಲ ಕಾಣುತ್ತಿತ್ತು.

ಹತ್ತು ದಿನ ಕಳೆದವು. ಒಂದು ಸಂಜೆ ನಾಲ್ಕಕ್ಕೆ ಮಾರಕ್ಕ ಓಡಿಬಂದಳು. ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು, ಅರ್ಧ ದಿನ ರಜೆ ಹಾಕಿದ್ದಳು. ಮಗಳಿಗೆ ನರ್ಸಿಂಗ್ ಸೀಟು. ಯಾವ ಕಾಲೇಜು ಬೇಕು ಎಂದು ವೆಬ್‌ಸೈಟಿನಲ್ಲಿ ಆರಿಸಲು ಅಂದೇ ಕಡೆಯ ದಿನ. ಆರು ಗಂಟೆಗೆ ಮುಚ್ಚುತ್ತದೆ.

ವೇಣಿ ಆ್ಯಪ್ ತೆರೆದಳು. ಸೀಟಿನ ವೆಬ್‌ಸೈಟಿನ ಕೆಳಗೆ ಒಂದೇ ಒಂದು ಪಾಸ್‌ವರ್ಡು. ಪಿಎಫ್ ಕೆಳಗೂ ಒಂದೇ. ರೇಷನ್ನಿಗೂ ಒಂದೇ. ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು: ಮುನ್ನೂರ ಎಂಟು ನಕಲುಗಳನ್ನು ನಿಮಗಾಗಿ ಸ್ವಚ್ಛಗೊಳಿಸಲಾಗಿದೆ.

ಅವಳಿಗೆ ನಿಧಾನವಾಗಿ ಅರ್ಥವಾಯಿತು. ಆ್ಯಪ್ ಮಾಡಿದವರ ಲೋಕದಲ್ಲಿ ಒಬ್ಬ ಮನುಷ್ಯನಿಗೆ ನೂರು ಖಾತೆ. ನೂರು ಮನುಷ್ಯರು ಒಬ್ಬಳನ್ನು ನಂಬುವುದು ಅವರ ಊಹೆಯಲ್ಲೇ ಇಲ್ಲ. ಹೆಸರಿನ ಜಾಗ ಖಾಲಿ ಇದ್ದವರೆಲ್ಲ ಅದರ ಲೆಕ್ಕದಲ್ಲಿ ಒಬ್ಬನೇ; ಹೆಸರಿಲ್ಲದ ಮುನ್ನೂರು ಜನ ಅವರಿಗೆ ಕಸ.

ಕಸ್ಟಮರ್ ಕೇರಿಗೆ ಬರೆದಳು. ಉತ್ತರ ತಕ್ಷಣ ಬಂತು, ಒಂದು ನಗುಮುಖದ ಸಮೇತ: ನಿಮ್ಮ ಮಾಹಿತಿ ಎಷ್ಟು ಭದ್ರ ಎಂದರೆ ನಮಗೂ ಕಾಣಿಸುವುದಿಲ್ಲ.

ಮುರಳಿಗೆ ಫೋನ್ ಮಾಡಿದಳು.

"ಕಾಣದೇ ಇರೋರು ಕಸ ಹೆಂಗೋ ಗುಡಿಸ್ತಾರೆ?"

"ಅದು ಅಲ್ಗಾರಿದಮ್ ಅತ್ತಿಗೆ..."

"ಅದೂ ಸೀಕ್ರೆಟ್ಟಾ?"

"ಒಳಗೆ ಎಲ್ಲೋ ಬ್ಯಾಕಪ್ ಇರತ್ತೆ. ಸ್ವಲ್ಪ ತಾಳ್ಮೆ ಇರ್ಲಿ. ಟ್ರಸ್ಟ್ ಮಾಡಿ."

"ನಿನ್ನನ್ನ ಟ್ರಸ್ಟ್ ಮಾಡಿದ್ದಾಯ್ತಲ್ಲ."

ಮಾರಕ್ಕ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. "ಏನವ್ವ, ನನ್ ಮಗೀದು ಓಯ್ತಾ?"

"ಹೋಗಿಲ್ಲ ಮಾರಕ್ಕ. ಹೊಸ ಪಾಸ್‌ವರ್ಡ್ ಮಾಡ್ಬೋದು. ಒಂದು ಓಟಿಪಿ ಬರ್ಬೇಕು. ಅರ್ಜಿ ಹಾಕಿದ್ ದಿನ ಯಾರ್ ನಂಬರ್ ಕೊಟ್ಟಿದ್ರಿ?"

"ನನ್ ಸಿಮ್ಮು ಅವತ್ತು ಕೆಟ್ಟಿತ್ತಲ್ಲ. ನಮ್ ಸೂಪರ್‌ವೈಸರ್ ಸಿದ್ದರಾಜಣ್ಣಂದು ಕೊಟ್ಟಿದ್ದೆ."

ವೇಣಿ ಆ ನಂಬರಿಗೆ ಎರಡು ಸಲ ಹಚ್ಚಿದಳು. ಬರೀ ರಿಂಗು.

"ಎತ್ತಕ್ಕಿಲ್ಲ ಅವ್ವ," ಎಂದಳು ಮಾರಕ್ಕ. "ಶಿಫ್ಟಲ್ಲಿರೋವಾಗ ಎಲ್ಲಾರ್ ಪೋನೂ ಗೇಟಲ್ಲಿ ಸೆಕ್ಯೂರಿಟಿ ಪೆಟ್ಟಿಗೇಲಿ ಇಟ್ಟಿರ್ತಾರೆ. ಓಗಿ ಕರುಸ್ಬೇಕು."

ನಾಲ್ಕೂ ಇಪ್ಪತ್ತು. ಹೊಸೂರು ರಸ್ತೆಯಲ್ಲಿ ಲಾರಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಬೊಮ್ಮಸಂದ್ರಕ್ಕೆ ಬಸ್ಸಿಗಿಂತ ಕಾಲೇ ಬೇಗ. ವೇಣಿ ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿ ಇರುಕಿಕೊಂಡಳು, ಶಟರ್ ಎಳೆದಳು, ಚಪ್ಪಲಿ ಮೆಟ್ಟಿದಳು. ಫೋನಿನಲ್ಲಿ ಮತ್ತೆ ಮುರಳಿ.

"ಅತ್ತಿಗೆ, ಗುಡ್ ನ್ಯೂಸ್! ಪ್ರೀಮಿಯಂ ತಗೊಂಡ್ರೆ ರಿಕವರಿ ಆಪ್ಷನ್ ಇದ್ಯಂತೆ. ಇದಾಗಿದ್ದಿಕ್ಕೆ ಅವ್ರೇ ಸಾರಿ ಕೇಳಿ ಒಂದು ಕೂಪನ್..."

"ಮುರಳಿ, ಕೇಳು. ಈ ಮಗೂದು ಸೀಟು ಆದ್ಮೇಲೆ ನಾನು ಉಳಿದ ಮುನ್ನೂರ್ ಏಳ್ ಜನರ ಮನೆ ಬಾಗಿಲಿಗೂ ಹೋಗಿ, ತಪ್ಪಾಯ್ತು ಅಂತ ಕೇಳ್ಬೇಕು. ನನ್ ಜೊತೆ ನೀನೂ ಬರ್ತೀಯ, ಪ್ರತಿ ಬಾಗಿಲಲ್ಲೂ ನಿಂತ್ಕೊಂಡು, ನೀನೇ ನಿನ್ ಬಾಯಾರೆ... ಬನ್ನಿ ಮಾರಕ್ಕ, ಈ ಕಡೆ ಬನ್ನಿ, ಲಾರಿ ನೋಡ್ಕೊಂಡು," ಎನ್ನುತ್ತ ಅವಳು ಮಾರಕ್ಕನ ಮೊಣಕೈ ಹಿಡಿದು ಎರಡು ಲಾರಿಗಳ ಸಂದಿಗೆ ಇಳಿದಳು, "ಬಾಯಾರೆ ಒಬ್ಬೊಬ್ಬರಿಗೂ ಹೇಳ್ತೀಯ, ಈ ಆ್ಯಪು ತಂದೋನು ನಾನೇ, ಒಳಗೇನಿದೆ ಅಂತ ನೋಡ್ದೇ ನಂಬಿದೋನೂ ನಾನೇ ಅಂತ."