ಇಳಿಜಾರಿನಲ್ಲಿ ಉಳಿಸಿದ ಡೀಸೆಲ್

ನನ್ನಪ್ಪ ನನ್ನ ಮೇಲೆ ಕೂಗಿದ್ದು ಈ ನಲವತ್ತು ವರ್ಷಗಳಲ್ಲಿ ಒಂದೇ ಸಲ. ಅದೂ ಕಳೆದ ಶನಿವಾರ. ನೆದರ್‌ಲ್ಯಾಂಡ್ಸಿನ ಒಂದು ಇಳಿಜಾರಿನಲ್ಲಿ, ಸ್ಟೇರಿಂಗ್ ನನ್ನ ಕೈಯಲ್ಲಿದ್ದಾಗ, ಕಾರು ಎಪ್ಪತ್ತೈದರಲ್ಲಿ ಓಡುತ್ತಿದ್ದಾಗ.

ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶದಲ್ಲಿ ಇಳಿಜಾರು ಎಲ್ಲಿಂದ ಬಂತು ಅಂತೀರಾ? ಇದೆ ಸ್ವಾಮಿ. ಮಾಸ್ಟ್ರಿಕ್ಟ್ ದಾಟಿ ಜರ್ಮನಿಯ ಕಡೆ ತಿರುಗಿದರೆ ಸಾಲು ಗುಡ್ಡಗಳು. ನಮ್ಮೂರಿನವರು ನೋಡಿದರೆ ದಿಬ್ಬ ಅಂದಾರು. (ಡಚ್ಚರು ಬೆಟ್ಟ ಅನ್ನುತ್ತಾರೆ. ಪಾಪ, ಅವರಿಗಿರುವುದು ಅಷ್ಟೇ.) ಆದರೆ ಕಾರಿನ ಹಿಂದೆ ಟನ್ನಿಗೂ ಮೀರಿದ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡಿದ್ದರೆ ದಿಬ್ಬವೂ ಘಾಟಿಯೇ.

ಶುರುವಿನಿಂದಲೇ ಹೇಳುತ್ತೇನೆ. ಅಪ್ಪ ನ್ಯೂವೆಗೈನ್‌ನ ನಮ್ಮ ಮನೆಗೆ ಬಂದದ್ದು ಜನವರಿಯಲ್ಲಿ, ಮೂರು ತಿಂಗಳಿಗೆಂದು. ಮಾರ್ಚಿನಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು. ಈಗ ಜುಲೈ. ಇಪ್ಪತ್ತಾರು ವರ್ಷ ಘಾಟಿ ರೂಟಿನಲ್ಲಿ ಬಸ್ ಓಡಿಸಿದ ಮನುಷ್ಯ, ನಾಲ್ಕು ತಿಂಗಳಿಂದ ಕಿಟಕಿ ಪಕ್ಕ ಕೂತು ಬೀದಿಯ ಸೈಕಲ್ ಎಣಿಸುತ್ತಿದ್ದರು. ನಾನೋ, ಅಪ್ಪಾ ಮಾಸ್ಕ್, ಅಪ್ಪಾ ಕೈ ತೊಳೀರಿ, ಅಪ್ಪಾ ಅದನ್ನ ಮುಟ್ಟಬೇಡಿ ಎಂದು ಇಡೀ ದಿನ ಅವರ ಹಿಂದೆ. ಅವರು ಮಾತು ಕಡಿಮೆ ಮಾಡಿದ್ದರು. ನನಗೆ ಭಯವಾಗತೊಡಗಿತ್ತು.

ಆಗ ಪಕ್ಕದ ಮನೆಯ ವಿಮ್ ಬೇಲಿಯಾಚೆಯಿಂದ ಒಂದು ಮಾತು ಹೇಳಿದರು. ಲಾರಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. "ಈ ವರ್ಷ ನಾವು ಎಲ್ಲೂ ಹೋಗುವುದಿಲ್ಲ. ನಮ್ಮ ಕ್ಯಾರವಾನ್ ತೆಗೆದುಕೊಂಡು ಹೋಗಿ. ನಿಮ್ಮ ತಂದೆಗೂ ಸ್ವಲ್ಪ ಹೊರಗಿನ ಗಾಳಿ ಸಿಗಲಿ."

ಡಚ್ಚರು ಕ್ಯಾರವಾನ್ ಎರವಲು ಕೊಡುವುದು ಸಣ್ಣ ಮಾತೇ? ನನ್ನ ಕಣ್ಣು ಒದ್ದೆಯಾಯಿತು. ನನ್ನ ಗಂಡ ಮಧು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಮೈಲೇಜ್ ಎಷ್ಟು ಬರುತ್ತೆ?"

ಎಂಜಿನ್ನೇ ಇಲ್ಲದ ಗಾಡಿಯ ಮೈಲೇಜ್!

ವಿಮ್ ನಗಲಿಲ್ಲ. ನಮ್ಮ ಡೀಸೆಲ್ ಕಾರು ಲೀಟರಿಗೆ ಎಷ್ಟು ಕೊಡುತ್ತದೆಂದು ಕೇಳಿದರು. ಇಪ್ಪತ್ತು ಅಂದೆವು, ಎದೆಯುಬ್ಬಿಸಿಕೊಂಡು. "ಅರ್ಧ ಅಂದುಕೊಳ್ಳಿ. ಭಾರದ ಸಾಮಾನನ್ನೆಲ್ಲ ಚಕ್ರದ ಮೇಲೆ ಬರುವ ಹಾಗೆ ಇಡಿ, ಹಿಂಭಾಗದಲ್ಲಿ ಇಡಬೇಡಿ." ಅರ್ಧವಂತೆ! ಮುದುಕ ಹೆದರಿಸುತ್ತಿದ್ದಾನೆ ಎಂದು ಮಧು ಅಂದ. ಎರಡನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊರೋನಾ ಕಾಲ, ಅಂಗಡಿಗೆ ಹೋಗುವುದೇ ಬೇಡವೆಂದು ಮನೆಯನ್ನೇ ಹೇರಿದೆ. ಅಕ್ಕಿ ಮೂಟೆ, ಕುಕ್ಕರ್ ಎರಡು, ದೋಸೆ ಕಾವಲಿ. ಕ್ಯಾರವಾನಿನ ಹಿಂಬದಿ ಬೀರುವಿನಲ್ಲಿ ವೆಟ್ ಗ್ರೈಂಡರ್, ಕಲ್ಲಿನ ಸಮೇತ. ನೀರಿನ ಟ್ಯಾಂಕನ್ನೂ ಕಂಠಮಟ್ಟ ತುಂಬಿಸಿದೆ.

"ಹೋಗೋ ಜಾಗದಲ್ಲಿ ನೀರಿಲ್ವೇನವ್ವಾ?" ಅಪ್ಪ ಮೆಲ್ಲಗೆ ಕೇಳಿದರು.

"ಇರುತ್ತೆ ಅಪ್ಪಾ. ಸುಮ್ಮನೆ ಕೂತ್ಕೊಳ್ಳಿ."

ಸುಮ್ಮನೆ ಕೂತರು. ನನ್ನ ಪಕ್ಕದ ಸೀಟಿನಲ್ಲಿ. ಹಿಂದೆ ಮಧು ಮತ್ತು ಏಳು ವರ್ಷದ ನನ್ನ ಮಗಳು ಅನು.

ಹೈವೇ ಹತ್ತಿದ್ದೇ ತಡ, ಮಧು ಎರಡು ಸೀಟಿನ ನಡುವೆ ತಲೆ ತೂರಿಸಿ ಡಿಸ್‌ಪ್ಲೇ ಓದತೊಡಗಿದ. ಹನ್ನೆರಡು. ಹತ್ತೂವರೆ. ಒಂಬತ್ತು. ಆಕ್ಸಿಮೀಟರ್ ನೋಡಿ ಕಂಗಾಲಾಗುವವರ ಹಾಗೆ ಅವನ ದನಿ ನಡುಗುತ್ತಿತ್ತು. ಎಸಿ ಆರಿಸಿದ. ಲಾರಿಯ ಹಿಂದೆಯೇ ಹೋಗು, ಗಾಳಿ ತಡೆಯುತ್ತೆ ಅಂದ. ನಾನು ತೊಂಬತ್ತು ಮೀರಲಿಲ್ಲ. ಊಹೂಂ. ಎಂಟೂವರೆ! ನಾನೂ ಕದ್ದು ಡಿಸ್‌ಪ್ಲೇ ನೋಡತೊಡಗಿದೆ. ಇದು ಬರೀ ದುಡ್ಡಿನ ಮಾತಲ್ಲ, ನೀವೂ ಬಲ್ಲಿರಿ. ಕಾರು ಕೊಂಡವನಿಗೆ ಅಭಿನಂದನೆ ಹೇಳುವ ಮೊದಲೇ 'ಎಷ್ಟು ಕೊಡುತ್ತೆ?' ಎಂದು ಕೇಳುವ ಜನ ನಾವು. ಎಂಟೂವರೆ ಎಂದು ಯಾವ ಬಾಯಲ್ಲಿ ಹೇಳುವುದು?

ಮೊದಲ ಗುಡ್ಡ ಏರುವಾಗ ಐದಕ್ಕೆ ಬಂತು. ಐದು! ಮಧು ಕಣ್ಣು ಮುಚ್ಚಿಕೊಂಡ.

ತುದಿ ತಲುಪಿದೆವು. ಮುಂದೆ ಉದ್ದಕ್ಕೂ ಇಳಿಜಾರು. ನಾನು ಒಂದು ಕ್ಷಣವೂ ಯೋಚಿಸದೆ ಗೇರನ್ನು ನ್ಯೂಟ್ರಲ್‌ಗೆ ಎಳೆದೆ.

ಯಾಕೆ? ಕಲಿತದ್ದೇ ಹಾಗೆ. (ಭಾರತದ ಲೈಸೆನ್ಸ್ ಕೊಟ್ಟು ಇಲ್ಲಿಯದನ್ನು ಪಡೆದವಳು ನಾನು. ಡಚ್ ಪಾಠವಿಲ್ಲ, ಪರೀಕ್ಷೆಯಿಲ್ಲ. ನನ್ನ ಗುರು ಅಪ್ಪ ಒಬ್ಬರೇ.) ಬೇಸಿಗೆ ರಜೆಯಲ್ಲಿ ಅಪ್ಪನ ಬಸ್ಸಿನ ಬಾನೆಟ್ ಮೇಲೆ ಕೂತು ಘಾಟಿ ಇಳಿಯುತ್ತಿದ್ದೆ. ಇಳಿಜಾರು ಬಂತೆಂದರೆ ಅಪ್ಪ ಗೇರು ತಪ್ಪಿಸುತ್ತಿದ್ದರು. "ಬಂಡಿ ತಾನೇ ಹೋಗ್ತದೆ ಕಣವ್ವಾ. ಡೀಸೆಲ್ ಯಾಕೆ ಸುಡ್ಬೇಕು?" ಎಂಜಿನ್ ಸದ್ದು ಅಡಗಿ ಬರೀ ಗಾಳಿಯ ಸದ್ದು. ಬಸ್ಸು ಹಾರುತ್ತಿದೆ ಎಂದು ಚಪ್ಪಾಳೆ ತಟ್ಟುತ್ತಿದ್ದೆ.

ಶನಿವಾರವೂ ಹಾರಿತು. ಅರವತ್ತು, ಎಪ್ಪತ್ತು, ಎಪ್ಪತ್ತೈದು. ಕನ್ನಡಿಯಲ್ಲಿ ಕ್ಯಾರವಾನ್ ಎಡಕ್ಕೆ ಇಣುಕಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಇನ್ನೂ ಹೆಚ್ಚು. ಕಾರಿನ ಬಾಲ ಹಿಡಿದು ಯಾರೋ ಅಲ್ಲಾಡಿಸುತ್ತಿದ್ದ ಹಾಗೆ. ಎದುರಿನಿಂದ ಇಬ್ಬರು ಸೈಕಲ್ ತುಳಿಯುತ್ತಾ ಹತ್ತಿ ಬರುತ್ತಿದ್ದರು. ಕಾಲು ಬ್ರೇಕಿನ ಮೇಲೆ ಹೋಯಿತು.

"ಬ್ರೇಕ್ ಒತ್ತಬೇಡ ಕಣೇ!" ಅಪ್ಪ ಕಿರುಚಿದರು. "ಸ್ಟೇರಿಂಗ್ ನೆಟ್ಟಗೆ ಹಿಡಿ! ಗೇರಿಗೆ ಹಾಕೇ, ಗೇರಿಗೆ!"

ಹಾಕಿದೆ. ಎಂಜಿನ್ ಗರ್ರೆಂದಿತು. ಅರವತ್ತು, ಐವತ್ತು. ಕ್ಯಾರವಾನ್ ನೆಟ್ಟಗಾಯಿತು. ಸೈಕಲ್‌ನವರು ಬೈಯುತ್ತಾ ದಾಟಿಹೋದರು. ರಸ್ತೆ ಪಕ್ಕ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನಿಂದ ಅನು ಡಚ್ಚಿನಲ್ಲಿ ಕೂಗಿದಳು: "ನೊಖ್ ಎನ್ ಕೇರ್!" ಅಂದರೆ, ಇನ್ನೊಂದ್ಸಲ!

ಮಧು ಅವಳನ್ನು ಇಳಿಸಿಕೊಂಡು ಹಸು ತೋರಿಸಲು ಹೋದ. ನಾನು ಅಪ್ಪನ ಕಡೆ ತಿರುಗಿದೆ. "ನೀವೇ ಅಲ್ವಾ ಅಪ್ಪಾ ಹೇಳ್ಕೊಟ್ಟಿದ್ದು?"

ಅಪ್ಪ ಮಾಸ್ಕ್ ಕೆಳಗಿಳಿಸಿದರು.

"ಡಿಪೋದಲ್ಲಿ ಬೋರ್ಡ್ ಹಾಕೋರು. ಯಾರ ಬಂಡಿ ಲೀಟರಿಗೆ ಎಷ್ಟು ಕೊಡ್ತು ಅಂತ, ತಿಂಗಳ ಕೊನೇಲಿ. ಕೆಳಗಿರೋನ್ನ ಎಲ್ಲಾರ ಮುಂದೆ ನಿಲ್ಲಿಸಿ ಬೈಯೋರು. ಮೇಲಿರೋನ್ಗೆ ಶಾಲು ಹಾರ. ಹನ್ನೊಂದು ವರ್ಷ ನನ್ನ ಹೆಸ್ರೇ ಮೇಲಿತ್ತು."

"ಅಪಾಯ ಅಂತ ಗೊತ್ತಿತ್ತಾ?"

"ಒಂದ್ಸಲ ಬ್ರೇಕ್ ಕಾದು ಹಿಡೀಲೇ ಇಲ್ಲ. ಮಣ್ಣಿನ ದಿಬ್ಬಕ್ಕೆ ಏರಿಸಿ ನಿಲ್ಲಿಸ್ದೆ. ಊಟ ಆಗಿತ್ತು, ಜನ ಎಲ್ಲಾ ತೂಕಡಿಸ್ತಿದ್ರು. ಚಕ್ರ ನೋಡ್ಬೇಕಿತ್ತು ಅಂತ ಸುಳ್ಳು ಹೇಳ್ದೆ."

"ಆಮೇಲೆ ಬಿಟ್ರಾ?"

"ಬಿಟ್ಟೆ. ಒಂದು ವಾರ. ಅಷ್ಟರಲ್ಲಿ ತಿಂಗಳ ಕೊನೆ ಬಂತು."

ಐವತ್ತು ಜನ ತುಂಬಿದ ಬಸ್ಸು ಕಣ್ಣ ಮುಂದೆ ಬಂತು. "ಆಗೆಲ್ಲ ಮುಂದೆ ನಾನೂ ಕೂತಿರ್ತಿದ್ನಲ್ಲ ಅಪ್ಪಾ?"

"ಕೂತಿರ್ತಿದ್ದೆ," ಅಂದರು. "ಬೋರ್ಡೂ ಇತ್ತಲ್ಲವ್ವಾ."

ಸಿಟ್ಟು ಬಂತೆಂದರೆ ಸಿಟ್ಟು. ಅವರ ಮೇಲೋ, ಆ ಬೋರ್ಡಿನ ಮೇಲೋ, ನನಗೇ ತಿಳಿಯಲಿಲ್ಲ. ಈಗ ತಾನೇ ಒಂದು ಡಿಸ್‌ಪ್ಲೇಯ ಅಂಕೆಗಾಗಿ ಅನುವನ್ನು ಹಿಂದೆ ಕೂರಿಸಿಕೊಂಡು ನಾನು ಮಾಡಿದ್ದೇನು? ನನ್ನ ಮೇಲೆ ಯಾವ ಡಿಪೋ ಇತ್ತು?

ಕ್ಯಾಂಪ್ ತಲುಪಿ ವಿಮ್‌ಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ, ಅಪ್ಪನ ಬೋರ್ಡಿನ ಕಥೆಯನ್ನೂ ಹೇಳಿದೆ. ಅವರು ಮೊದಲು ಬೈದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಇಳಿಜಾರಿನಲ್ಲಿ ಗೇರ್ ಹಾಕಿ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಡೀಸೆಲ್ ಎಂಜಿನ್ ಏನೂ ಕುಡಿಯುವುದಿಲ್ಲವಂತೆ. ಚಕ್ರವೇ ಅದನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ತಂದರೇ ಅದಕ್ಕೆ ತಿರುಗುತ್ತಿರಲು ಡೀಸೆಲ್ ಬೇಕು.

"ಹಳೆಯ ಬಸ್ಸುಗಳಲ್ಲಿ?" ಎಂದು ಕೇಳಿದೆ.

"ಕಡಿದಾದ ಘಾಟಿಯಲ್ಲಾದರೆ ಅವೂ ಹಾಗೆಯೇ. ನಿಮ್ಮ ತಂದೆಯ ಹೆಸರು ಮೇಲೆ ಬಂದದ್ದು ನ್ಯೂಟ್ರಲ್‌ನಿಂದಲ್ಲ. ಆಕ್ಸಿಲರೇಟರಿನ ಮೇಲೆ ಅವರ ಕಾಲು ಹಗುರವಿತ್ತು, ಅಷ್ಟೇ."

ಅಪ್ಪ ಎದುರಿಗೇ ನಿಂತಿದ್ದರು. "ಏನಂತೆ?"

"ಗ್ರೈಂಡರ್ ಹಿಂದೆ ಇಟ್ಟಿದ್ದು ತಪ್ಪಂತೆ."

ಮಾರನೆಯ ದಿನವೆಲ್ಲ ಅಪ್ಪ ಕ್ಯಾರವಾನಿಗೆ ಕೈ ಹಾಕಿದರು. ಟ್ಯಾಂಕ್ ಖಾಲಿ ಮಾಡಿದರು, ಗ್ರೈಂಡರ್ ಚಕ್ರದ ಮೇಲೆ ತಂದರು, ಟೈರಿನ ಗಾಳಿ ನೋಡಿದರು. ಸೋಮವಾರ ವಾಪಸ್ ಬರುವಾಗ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಪಾಠ. ಎಂಬತ್ತರ ಮೇಲೆ ಬೇಡ, ಕಾಲು ಹಗುರ ಇರಲಿ, ಇಳಿಜಾರಿನಲ್ಲಿ ಗೇರ್ ಬಿಡಬೇಡ. ಮನೆ ಮುಟ್ಟಿದಾಗ ಡಿಸ್‌ಪ್ಲೇಯಲ್ಲಿ ಹನ್ನೊಂದೂವರೆ. "ನೋಡಿದ್ಯಾ?" ಅಂದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ದನಿ ಪಕ್ಕದ ಮನೆಗೂ ಕೇಳಿಸಿತು.

ಈಗ ನೀವೇ ಹೇಳಿ. ಐವತ್ತು ಜನರ ಜೀವ ಒತ್ತೆಯಿಟ್ಟು ಆ ಘಾಟಿಯಲ್ಲಿ ಉಳಿಸಿದ್ದು ಒಂದು ತೊಟ್ಟು ಡೀಸೆಲ್ಲೂ ಅಲ್ಲ ಎಂದು ನಾನು ಇವರಿಗೆ ಹೇಳಲೇ?