ನೀಲಮ್ಮನ ಕೈಗೆ ಕೊಟ್ಟ ಕೆಲಸ

ಆ ದಿನ ಬೆಳಗ್ಗೆ ನಾನು ಮಾಡಿದ್ದು ಇಷ್ಟು. ನಳ ಬಂದಿತ್ತು, ಕೊಡ ತುಂಬಿಟ್ಟೆ. ಅಂಗಳ ಕಸ ಹೊಡೆದು ರಂಗೋಲಿ ಎಳೆದೆ. ರೊಟ್ಟಿ ಬಡಿದೆ. ಮನೆಯವರ ಬಿಪಿ ಗುಳಿಗೆ ತಾಟಿನ ಪಕ್ಕ ಇಟ್ಟೆ. ಹಾಲಿಗೆ ಹೆಪ್ಪು ಹಾಕಿದೆ. ಆಮೇಲೆ ಶೆಡ್ಡಿಗೆ ಹೋಗಿ ನೀಲಮ್ಮನ ಮುಖ ಒರೆಸಿ, ತಲೆ ಬಾಚಿ, ಹೊಸ ಇಳಕಲ್ ಸೀರೆ ಉಡಿಸಿದೆ. ನೀಲಮ್ಮ ಅಂದರೆ ನಡುವಯಸ್ಸಿನ ಹೆಂಗಸಿನ ರೂಪದಲ್ಲಿ ನಾವು ಮಾಡಿದ ರೋಬೋಟ್.

ಇದು ಎರಡು ವರ್ಷದ ಹಿಂದಿನ ಮಾತು. ಕೊಪ್ಪಳದ ಹೊರಗೆ, ಕುಷ್ಟಗಿ ರಸ್ತೆಯ ಒಂದು ಶೆಡ್ಡಿನಲ್ಲಿದ್ದ ಸಣ್ಣ ರೋಬೋಟ್ ಘಟಕದಲ್ಲಿ ನಾನು ಫಿನಿಶಿಂಗ್ ವಿಭಾಗದ ಮುಖ್ಯಸ್ಥೆ. ಹೆಸರು ದೊಡ್ಡದು, ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಅದಕ್ಕೂ ಮೊದಲು ಗೊಂಬೆ ಕಾರ್ಖಾನೆಯಲ್ಲಿ ಬಹಳ ವರ್ಷ ಹುಬ್ಬು, ರೆಪ್ಪೆ ಬರೆದವಳು. ಘಟಕ ಕಟ್ಟಿದ್ದು ಸಹನಾ. ಗಂಗಾವತಿಯ ಅಕ್ಕಿ ಮಿಲ್ಲಿನವರ ಮಗಳು, ರೋಬೋಟಿಕ್ಸ್ ಎಂಜಿನಿಯರ್. ಮೇಡಂ ಅಂದರೆ ಸಿಟ್ಟಾಗುತ್ತಿದ್ದಳು, ಹಾಗಾಗಿ ಸಹನವ್ವಾ ಅಂತಲೇ ಕರೆಯುತ್ತಿದ್ದೆ.

ನಮ್ಮ ಕೆಲಸದ ತೊಡಕನ್ನು ಸ್ವಲ್ಪ ಹೇಳಬೇಕು. ಗೊಂಬೆ ಮನುಷ್ಯರ ಹಾಗೆ ಆಗುತ್ತಾ ಹೋದಂತೆ ನೋಡುವವರಿಗೆ ಹೆಚ್ಚು ಇಷ್ಟವಾಗುತ್ತದೆ. ಆದರೆ ಬಹಳ ಹತ್ತಿರ ಬಂದು ಕೂದಲೆಳೆಯಷ್ಟು ತಪ್ಪಿದರೆ ಆ ಇಷ್ಟವೇ ದಿಗಿಲಾಗುತ್ತದೆ. ಇದಕ್ಕೆ ‘ಅನ್‌ಕ್ಯಾನಿ ವ್ಯಾಲಿ’ ಅನ್ನುತ್ತಾರೆ. ಮೊದಲ ಸಲ ನೀಲಮ್ಮ ಕುತ್ತಿಗೆ ತಿರುಗಿಸಿದಾಗ ನಮ್ಮ ಡ್ರೈವರ್ ಖಾಜಾ ಚಹಾದ ಕಪ್ಪು ಬಿಟ್ಟು ಹೊರಗೆ ಓಡಿದ್ದ. “ಅಕ್ಕಾ, ದೆವ್ವ ತಿರುಗಿದಂಗ ತಿರಗತೈತ್ರಿ!” ಮನುಷ್ಯರಲ್ಲಿ ಮೊದಲು ಕಣ್ಣು ಹೊರಳಿ ಆಮೇಲೆ ಕುತ್ತಿಗೆ ಹೊರಳುತ್ತದೆ. ಸಹನಾ ಅದನ್ನು ಸರಿ ಮಾಡಿದಳು. ರೆಪ್ಪೆಯ ಮೋಟಾರ್ ಪಟಪಟ ಅನ್ನುತ್ತಿತ್ತು, ನಿಧಾನ ಮಾಡಿದಳು. ಸಿಲಿಕೋನ್ ಚರ್ಮ ಮೇಣದಂತೆ ಹೊಳೆಯುತ್ತಿತ್ತು, ನಾನು ಪುಡಿ ಹಚ್ಚಿ ಹೊಳಪು ಇಳಿಸಿದೆ. ಮಾತಿಗೆ ನನ್ನದೇ ಧ್ವನಿ ರೆಕಾರ್ಡ್ ಮಾಡಿದ್ದರು.

ಕುಷ್ಟಗಿಯ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಗೆ ನೀಲಮ್ಮನನ್ನು ಒಪ್ಪಿಸುವ ದಿನ ಅದು. ಬಂದವರನ್ನು ಮಾತಾಡಿಸಿ, ಟೋಕನ್ ಕೊಟ್ಟು, ಯಾವ ಕೋಣೆಗೆ ಹೋಗಬೇಕು ಅಂತ ಹೇಳುವುದು ಅವಳ ಕೆಲಸ. ನಮ್ಮ ಮೊದಲ ರೋಬೋಟ್ ಇವಳೇ. ಜನ ಒಪ್ಪದೆ ವಾಪಸ್ ಬಂದರೆ ಶೆಡ್ಡಿಗೆ ಬೀಗ ಅಂತ ಸಹನಾ ದಾರಿಯಲ್ಲೇ ಹೇಳಿದ್ದಳು.

ಸೊಂಟದ ಕೆಳಗೆ ನೀಲಮ್ಮನಿಗೆ ಕಾಲಿಲ್ಲ, ಬರೀ ಸ್ಟ್ಯಾಂಡ್. ಹಾಗಾಗಿ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಒರಗಿಸಿ ಕೂಡಿಸಿದೆವು. ಕುತ್ತಿಗೆಯ ವೈರ್ ಕಾಣದಂತೆ ನಾನು ತಲೆ ಮೇಲೆ ಸೆರಗು ಹೊದಿಸಿದೆ. ಆಸ್ಪತ್ರೆಯವರು ಉದ್ಘಾಟನೆಯೆಂದು ಸೇವಂತಿಗೆ ಮಾಲೆ ಹಾಕಿದರು, ಹಣೆಗೆ ವಿಭೂತಿ ಎಳೆದರು, ಮುಂದೆ ಊದಿನಕಡ್ಡಿ ಹಚ್ಚಿದರು. ಫೋಟೊ ತೆಗೆದಾಯಿತು, ಬಾಗಿಲು ತೆರೆದರು.

ಮೊದಲು ಬಂದ ಹೆಣ್ಣುಮಗಳು ಹೊಸ್ತಿಲಲ್ಲೇ ನಿಂತು ಬಿಟ್ಟಳು. ಹಿಂದಿನವರು ಅವಳ ಭುಜದ ಮೇಲಿಂದ ಇಣುಕಿದರು. ಒಬ್ಬೊಬ್ಬರೇ ಚಪ್ಪಲಿ ಕಳಚಿದರು. ಅಷ್ಟು ಜನ ಕೂಡಿದರೂ ಒಬ್ಬರೂ ದನಿ ಎತ್ತಲಿಲ್ಲ. ಆಗ ನೀಲಮ್ಮ ನನ್ನ ಧ್ವನಿಯಲ್ಲಿ, “ಬರ್ರಿ, ಕೂಡ್ರಿ. ಯಾವ ಊರಿಂದ ಬಂದೀರಿ?” ಅಂದಳು.

ಒಂದು ಕೂಸು ಚೀರಿತು. ಯಲಬುರ್ಗಾ ಕಡೆಯ ಹಿರಿಯರೊಬ್ಬರು ಪೊರೆ ತೆಗೆಸಲು ಬಂದಿದ್ದರು. ಕೈಚೀಲ ಎದೆಗೆ ಅವಚಿಕೊಂಡು ಎದ್ದರು. “ನಾ ಇವತ್ತ ಒಲ್ಲೆ. ಇನ್ನೊಂದ ಸಲ ನೋಡೂಣು.” ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಇದ್ದೊಂದು ಕಣ್ಣಿನ ಆಪರೇಶನ್ ಬಿಟ್ಟು ಅವರು ಮೆಟ್ಟಿಲಿಳಿಯುವುದನ್ನು ಆಸ್ಪತ್ರೆಯ ಡಾಕ್ಟರಮ್ಮ ನೋಡಿದರು.

“ಸಹನಾ, ಪೇಶಂಟ್ ಓಡಿ ಹೊಂಟಾರ,” ಅಂದರು. “ಒಪಿಡಿ ಮುಗಿಯೂದ್ರೊಳಗ ಸರಿ ಆಗಬೇಕು. ಇಲ್ಲಾಂದ್ರ ಗಾಡಿಗೆ ಹಾಕ್ರಿ.”

ಸಹನಾ ಲ್ಯಾಪ್‌ಟಾಪ್ ತೆರೆದು ರೆಪ್ಪೆಯ ವೇಗ ಬದಲಿಸಿದಳು. ಜನ ಇನ್ನೂ ಹಿಂದೆ ಸರಿದರು. ನಾನು ನೀಲಮ್ಮನ ಕೆನ್ನೆಗೆ ತುಸು ಕೆಂಪು ಹಚ್ಚಿದೆ. ಅದೂ ನಡೆಯಲಿಲ್ಲ. ಅಷ್ಟರಲ್ಲಿ ಇರಕಲ್ಲಗಡದ ಒಬ್ಬ ಅಜ್ಜಿ ನನ್ನ ಪಕ್ಕ ಬಂದು, ಕೈ ಹಿಡಿದು, ಮೆಲ್ಲಗೆ ಕೇಳಿದರು: “ಯಾವಾಗ ತೀರಿಕೊಂಡ್ರಬೇ? ನಿಮಗೇನಾಗಬೇಕು?”

ಸಹನಾ ತಲೆ ಎತ್ತಿದಳು. ಇಬ್ಬರೂ ನೀಲಮ್ಮನನ್ನು ನೋಡಿದೆವು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಒರಗಿಸಿ ಕೂಡಿಸುತ್ತಾರೆ. ಬಂದವರು ಚಪ್ಪಲಿ ಬಿಟ್ಟು ಮುಖ ನೋಡಿ ಹೋಗುತ್ತಾರೆ. ಕುರ್ಚಿ, ಸೆರಗು, ಮಾಲೆ, ನಿಧಾನದ ರೆಪ್ಪೆ. ಒಂದೊಂದೂ ಸರಿಯಾಗಿಯೇ ಇತ್ತು. ಎಲ್ಲಾ ಕೂಡಿದಾಗ ಹೆಣವಾಗಿತ್ತು.

“ಹೋದ ವರ್ಷ ನಮ್ಮಮ್ಮನ್ನ ಹಿಂಗ ಕೂಡ್ಸಿದ್ರು ರೇಣಕ್ಕಾ,” ಅಂದಳು ಸಹನಾ. ತನ್ನ ಅಜ್ಜಿಯನ್ನು ಅವಳು ಅಮ್ಮ ಅನ್ನುತ್ತಿದ್ದಳು. “ಬೆಳಿಗ್ಗಿಂದ ಇಕಿನ್ನ ನೋಡಾಕತ್ತೀನಿ, ಹೊಳೀಲಿಲ್ಲ ನೋಡು ನನಗ.”

ನೀಲಮ್ಮನನ್ನು ಒಳಗಿನ ಕೋಣೆಗೆ ಎಳೆದುಕೊಂಡು ಹೋದೆವು. ಮಾಲೆ ತೆಗೆದೆ. ವಿಭೂತಿ ಒರೆಸಿ ಕುಂಕುಮ ಇಟ್ಟೆ. ಸೆರಗು ಇಳಿಸಿ, ವೈರ್ ಮುಚ್ಚುವ ಹಾಗೆ ದೊಡ್ಡ ತುರುಬು ಕಟ್ಟಿದೆ. ಹೊಸ ಸೀರೆ ಬಿಚ್ಚಿ, ನನ್ನ ಚೀಲದಲ್ಲಿದ್ದ ಹಳೇ ನೂಲಿನ ಸೀರೆ ಉಡಿಸಿದೆ. ಸ್ಟ್ಯಾಂಡನ್ನು ಬಿಗಿಯಾಗಿ ಕಟ್ಟಿ, ಬೆನ್ನಿಲ್ಲದ ಸ್ಟೂಲಿನ ಮೇಲೆ ನೆಟ್ಟಗೆ ಕೂಡಿಸಿದೆವು. ಆದರೂ ಏನೋ ಕಡಿಮೆ. ಎರಡು ಕೈ ಸೀರೆಯ ನೆರಿಗೆಯ ಮೇಲೆ ಸುಮ್ಮನೆ ಬಿದ್ದಿದ್ದವು.

“ಸಹನವ್ವಾ, ಇಕಿ ಕೈಗೆ ಏನರ ಕೆಲಸ ಕೊಡು,” ಅಂದೆ. “ಇಷ್ಟ ವಯಸ್ಸಿನ ಹೆಂಗಸು ಹಿಂಗ ಸುಮ್ನ ಕೂತದ್ದ ನಾನಂತೂ ನೋಡಿಲ್ಲ.”

ಟೋಕನ್ ಚೀಟಿ ಎತ್ತಲು ಅವಳ ಹೆಬ್ಬೆರಳು, ತೋರುಬೆರಳು ಕೂಡುತ್ತಿದ್ದವು. ಆ ಚಲನೆಯನ್ನೇ ಸಹನಾ ಮತ್ತೆ ಮತ್ತೆ ಬರುವಂತೆ ಮಾಡಿದಳು: ಹೆಕ್ಕು, ಪಕ್ಕಕ್ಕೆ ಹಾಕು, ಸ್ವಲ್ಪ ತಡೆ. ಕ್ಯಾಂಟೀನಿನಿಂದ ಒಂದು ಮೊರದಲ್ಲಿ ಅಕ್ಕಿ ತಂದು ಮುಂದಿಟ್ಟೆವು. ತಲೆ ಬಾಗಿಸಿ, ಕಣ್ಣು ಅಕ್ಕಿಯ ಮೇಲೆ. ಯಾರಾದರೂ ಹತ್ತಿರ ಬಂದರೆ ಮಾತ್ರ ಮುಖ ಎತ್ತುವುದು.

ಒಪಿಡಿಯಲ್ಲಿ ಇನ್ನು ಕೆಲವೇ ಜನ ಉಳಿದಿದ್ದರು. ಡಾಕ್ಟರಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತರು. ನೀಲಮ್ಮ ಅಕ್ಕಿ ಆರಿಸತೊಡಗಿದಳು. ಯಾರೂ ಅಲುಗಲಿಲ್ಲ. ಇರಕಲ್ಲಗಡದ ಅಜ್ಜಿ ದೂರದಿಂದ ನೋಡಿದರು, ಎರಡು ಹೆಜ್ಜೆ ಬಂದರು, ಮೊರದ ಮೇಲೆ ಬಗ್ಗಿದರು. ಸಹನಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು.

“ಅಯ್ಯ ನಮ್ಮವ್ವ!” ಅಂದರು ಅಜ್ಜಿ. “ಕಲ್ಲ ಬಿಟ್ಟು ಅಕ್ಕಿ ತಗದ ಒಗಿಯಾಕತ್ತಿಯಲ್ಲ! ನಿನಗೂ ಪೊರಿ ಬಂದೈತೇನ?”

ನೀಲಮ್ಮ ಮುಖ ಎತ್ತಿ, “ಬರ್ರಿ, ಕೂಡ್ರಿ,” ಅಂದಳು.

“ಕೂಡ್ತೀನಿ ತಡಿ, ಆ ಕಡೆ ಸರಿ,” ಅಂತ ಅಜ್ಜಿ ಪಕ್ಕದಲ್ಲೇ ಕೂತು ಕಲ್ಲು ಹೆಕ್ಕತೊಡಗಿದರು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಜನ ಸುತ್ತ ಬಂದರು.

ಖಾಜಾ ಹೊರಗೆ ಓಡಿ, ಬಸ್ಸಿಗೆ ಕಾಯುತ್ತಿದ್ದ ಯಲಬುರ್ಗಾದ ಹಿರಿಯರನ್ನು ಕರೆತಂದ. ಅವರು ಬಹಳ ಹೊತ್ತು ನಿಂತು ನೋಡಿದರು. ಕೊನೆಗೆ ಕೇಳಿದ್ದು ನೀಲಮ್ಮನನ್ನೇ: “ಆಪರೇಶನ್ ಖೋಲಿ ಯಾವ ಕಡಿಗೈತಬೇ?”

ಡಾಕ್ಟರಮ್ಮ ಕಟ್ಟಿದ್ದ ಕೈ ಬಿಟ್ಟು ಆಪರೇಶನ್ ಕೋಣೆಗೆ ನಡೆದರು. ನಮ್ಮ ಗಾಡಿ ಖಾಲಿಯೇ ಹೊರಟಿತು.

ಆಮೇಲೆ ಎಷ್ಟೋ ಮುಖ ಮಾಡಿದ್ದೇವೆ. ಕಣ್ಣು, ಚರ್ಮ, ಕೂದಲು ಎಲ್ಲಾ ಮುಗಿದ ಮೇಲೆ ಈಗ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ನೋಡುವವರು ಇಂಥ ಮುಖವನ್ನು ಮೊದಲು ಎಲ್ಲಿ ಕಂಡಿದ್ದರು? ಈ ವೃತ್ತಿ ನನಗೆ ಕಲಿಸಿದ್ದು ಅಷ್ಟು.

ಆ ದಿನ ಸಂಜೆ ಸಹನಾ ನಮ್ಮ ಮನೆಗೇ ಬಂದಳು. ಬೆಳಗಿನ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹೆಪ್ಪುಗಟ್ಟಿದ ಮೊಸರು. ಎರಡನೇ ರೊಟ್ಟಿ ಮುಗಿಸಿ, ಕೈ ತೊಳೆದು ಬಂದವಳು ಗೋಡೆಗೆ ಒರಗಿ ಕೂತಲ್ಲೇ ಎಲ್ಲರಿಗಿಂತ ಮೊದಲು ನಿದ್ದೆ ಹೋದಳು. ಗೊರಕೆ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಹಾಗೆ ಒರಗಿ ಕೂತ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಭುಜ ಹಿಡಿದು ಮಲಗಿಸಿ, ತಲೆಗೆ ದಿಂಬು ಕೊಟ್ಟೆ.