‘ಹೋದಳು’ ಎಂಬ ಷರಾ

ವಿಶ್ವವಿದ್ಯಾಲಯದ ಗೇಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಮೂವತ್ತು ವರ್ಷಗಳಿಂದ ವಿದ್ಯಾರ್ಥಿಗಳ ಪ್ರಬಂಧಗಳನ್ನು ಟೈಪ್ ಮಾಡಿ, ರಟ್ಟು ಹಾಕಿಸಿ ಕೊಡುತ್ತಿದ್ದೇನೆ. ಹೋದ ವರ್ಷದವನ ಪ್ರಬಂಧ ತಂದು ‘ಹೆಸರೊಂದು ಬದಲಿಸಿ ಸಾರ್’ ಎನ್ನುವ ಮಹಾನುಭಾವರನ್ನು ಕಂಡಿದ್ದೇನೆ. ಮದುವೆಯೇ ಆಗದ ಒಬ್ಬ, ಹಿಂದಿನವನು ತನ್ನ ಹೆಂಡತಿಗೆ ಹೇಳಿದ ಕೃತಜ್ಞತೆಯನ್ನೂ ಹಾಗೇ ಉಳಿಸಿಕೊಂಡು ಹೋದ! ಹೀಗಾಗಿ ಓದುವವರೆಂದರೆ ನನಗೆ ಅಂಥ ಗೌರವವೇನೂ ಇಲ್ಲ. ನಾನೀಗ ಹೇಳಹೊರಟಿರುವ ಈಕೆಯ ವಿಷಯ ಮಾತ್ರ ಬೇರೆ.

ಈಕೆಗೆ ನಲವತ್ತಮೂರು ವರ್ಷ. ಬೆಳಗ್ಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ, ಮಧ್ಯಾಹ್ನದಿಂದ ಇತಿಹಾಸದ ಎಂ.ಎ. ತರಗತಿ. ಮೊದಲ ದಿನ ಒಳಗೆ ಕಾಲಿಟ್ಟಾಗ ಮೇಡಂ ಬಂದರೆಂದು ತರಗತಿಯೇ ಎದ್ದು ನಿಂತಿತಂತೆ. ವಿದ್ಯಾರ್ಥಿನಿ ಎಂದು ತಿಳಿದ ಮೇಲೆ ಎರಡು ವರ್ಷ ಯಾರೂ ಅವಳ ಬೆಂಚಿನಲ್ಲಿ ಕೂರಲಿಲ್ಲ. ‘ಪ್ರಾಚೀನಕ್ಕ’ ಎಂದು ಅಡ್ಡಹೆಸರಿಟ್ಟರು. ಅದನ್ನು ನನಗೆ ನಗುತ್ತಲೇ ಹೇಳಿದಳು, ಆದರೆ ಮೂರು ಸಲ ಹೇಳಿದಳು. ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಟೈಪಿಂಗಿಗೆ ಕೊಡಲು ಏನೂ ಇಲ್ಲದ ದಿನವೂ ಬಂದು ನನ್ನ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು.

ಅವಳ ಪ್ರಬಂಧ ಒಂದು ಹಳೆಯ ನೂಲಿನ ಗಿರಣಿಯ ಹೆಂಗಸರ ಹಾಸ್ಟೆಲಿನ ಬಗ್ಗೆ. ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗೋದಾಮಿನ ಮೂಲೆಯಲ್ಲಿ ಗೋಣಿಚೀಲದೊಳಗೆ ಬಿದ್ದಿದ್ದ ಹಾಸ್ಟೆಲ್ ರಿಜಿಸ್ಟರುಗಳನ್ನು ಇವಳೇ ಹುಡುಕಿ, ಧೂಳು ಕೊಡವಿ, ಸೀನುತ್ತ ಸೀನುತ್ತ ಓದಿದಳು. ಪ್ರತಿ ಹೆಂಗಸಿಗೆ ಒಂದು ಸಾಲು. ಹೆಸರು, ಬಂದ ದಿನ, ಕೊನೆಯಲ್ಲಿ ಷರಾ. ಷರಾ ಕಾಲಂನಲ್ಲಿ ಗುಮಾಸ್ತನ ಗುಂಡು ಅಕ್ಷರದ ಒಂದೆರಡು ಮಾತು.

ಆ ಗಿರಣಿಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಇವಳಿಗೆ ಐದು ವರ್ಷವಿದ್ದಾಗ ತಾಯಿ ಅಲ್ಲಿ ಕೆಲಸದಲ್ಲಿದ್ದಳು, ಇವಳು ಚಿಕ್ಕಮ್ಮನ ಮನೆಯಲ್ಲಿ. ಒಂದು ದಿನ ಚಿಕ್ಕಮ್ಮ ಪಕ್ಕದಲ್ಲಿ ಕೂರಿಸಿಕೊಂಡು, “ನಿಮ್ಮಮ್ಮ ಹೋದಳು ಕಣೆ” ಎಂದಳು. ಅಷ್ಟೇ. ರಿಜಿಸ್ಟರಿನಲ್ಲಿ ತಾಯಿಯ ಹೆಸರಿನ ಮುಂದೆ ಅದೇ ಮಾತು ಕಂಡ ದಿನ ನನ್ನ ಅಂಗಡಿಗೆ ಬಂದು, “ಅಣ್ಣ, ನಮ್ಮಮ್ಮ ಸತ್ತಿದ್ದನ್ನ ಒಬ್ಬರಾದ್ರೂ ಬರೆದಿಟ್ಟಿದ್ದಾರೆ” ಎಂದು ಕಣ್ಣೊರೆಸಿಕೊಂಡಳು. ಪ್ರಬಂಧದ ಮೊದಲ ಪುಟಕ್ಕೆ ಅರ್ಪಣೆ ಬರೆದುಕೊಟ್ಟಳು: ‘ದಿವಂಗತ ತಾಯಿಗೆ’. ನಾನು ಅದನ್ನು ಪುಟದ ನಟ್ಟನಡುವೆ ಕೂರಿಸಿದೆ.

ಮೂರನೆಯ ಅಧ್ಯಾಯದಲ್ಲಿ ಎಡವಟ್ಟಾಯಿತು. ‘ಆ ಒಂದೇ ವರ್ಷದಲ್ಲಿ ಹಾಸ್ಟೆಲಿನಲ್ಲಿ ನಲವತ್ತೊಂದು ಹೆಂಗಸರು ಅಸುನೀಗಿದರು’ ಎಂದು ಬರೆದಿದ್ದಳು. ನಾನೂ ಮರುಗುತ್ತಲೇ ಟೈಪ್ ಮಾಡಿದ್ದೆ. ಅವಳ ಮೇಷ್ಟ್ರು ಒಳ್ಳೆಯವರು, ಆದರೆ ಕುಂತರೂ ನಿಂತರೂ ‘ಆಧಾರ ಎಲ್ಲಿ?’ ಎನ್ನುವ ಮನುಷ್ಯ. ತರಗತಿಯಲ್ಲೇ ಕೇಳಿದರು.

“ನಲವತ್ತೊಂದು ಜನ ಸತ್ತರೆ ಊರು ಸುಮ್ಮನಿರ್ತಿತ್ತೇನಮ್ಮ? ಆಧಾರ ಎಲ್ಲಿ?”

“ಷರಾದಲ್ಲಿ ಇದೆ ಸಾರ್. ‘ಹೋದಳು’ ಅಂತ.”

“ಹೋದಳು ಅಂದ್ರೆ ಹೋದಳು ಕಣಮ್ಮ! ಕೆಲಸ ಬಿಟ್ಟು ಹೋದ್ರು, ಮದುವೆಯಾಗಿ ಹೋದ್ರು. ಸತ್ತೋರಿಗೆ ಏನು ಬರೆದಿದ್ದಾನೆ ನೋಡು.”

ತರಗತಿ ಗೊಳ್ಳೆಂದು ನಕ್ಕಿತು. ಪ್ರಾಚೀನಕ್ಕ ನಲವತ್ತೊಂದು ಜನರನ್ನು ಕೊಂದಳು ಎಂಬ ಮಾತು ಕ್ಯಾಂಟೀನಿನವರೆಗೂ ಹೋಯಿತು. ಆ ನಲವತ್ತೊಂದರಲ್ಲಿ ಒಬ್ಬಳು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಆಕೆ ಮತ್ತೆ ಗೋದಾಮಿಗೆ ಓಡಿದಳು. ಇಡೀ ರಿಜಿಸ್ಟರಿನಲ್ಲಿ ನಾಲ್ಕು ಹೆಸರುಗಳ ಮುಂದೆ ಮಾತ್ರ ‘ತೀರಿಕೊಂಡಳು’ ಎಂದಿತ್ತು. ತಾಯಿಯ ಹೆಸರಿನ ಮುಂದೆ ‘ಹೋದಳು’ ಎಂದಿದ್ದದ್ದು ಸರಿ. ಅದರ ಕೆಳಗೆ ಮಾಸಿದ ಶಾಯಿಯಲ್ಲಿ ಇನ್ನೆರಡು ಮಾತಿದ್ದವು: ‘ಪೆಟ್ಟಿಗೆ ಒಯ್ದಳು’. ಸತ್ತವರು ಪೆಟ್ಟಿಗೆ ಒಯ್ಯುವುದಿಲ್ಲ.

ಅಲ್ಲಿಂದ ನೇರ ಚಿಕ್ಕಮ್ಮನ ಮನೆಗೆ. ಮುದುಕಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅಲ್ಲಿ ನಡೆದದ್ದನ್ನು ಮರುದಿನ ನನ್ನ ಸ್ಟೂಲಿನ ಮೇಲೆ ಕೂತು ಒಂದಕ್ಷರ ಬಿಡದೆ ಹೇಳಿದಳು.

“ಚಿಕ್ಕಮ್ಮ, ಅಮ್ಮ ಸತ್ತಿರಲಿಲ್ವಾ?”

“ನಾನೆಲ್ಲೇ ಸತ್ತಳು ಅಂದೆ? ಹೋದಳು ಅಂದೆ. ನೀನು ಅಳ್ತಾ ಕೂತೆ. ದಿನಾ ಬಾಗಿಲು ನೋಡ್ಕೊಂಡು ಕೂರೋ ಮಗೂನ ಸಾಕೋದು ಕಷ್ಟ ಕಣೆ. ಅತ್ತು ಸುಮ್ಮನಾಗೋ ಮಗೂನ ಹೇಗೋ ಸಾಕಬಹುದು. ಅದಕ್ಕೇ ನಾನೂ ಸುಮ್ಮನಾದೆ.”

“ಎಲ್ಲಿಗೆ ಹೋದಳು?”

“ಹೇಳಲಿಲ್ಲ. ಪೆಟ್ಟಿಗೆ ಹಿಡ್ಕೊಂಡು ಬಂದಳು. ನೀನು ಮಲಗಿದ್ದೆ. ನೋಡಿದಳು.”

“ಏನೂ ಅನ್ನಲಿಲ್ವಾ?”

“ಬರ್ತೀನಿ ಅಂದಳು.” ಮುದುಕಿ ಸೇರಿಸಿದಳಂತೆ: “ಎಲ್ಲರೂ ಅನ್ನೋದು ಅದನ್ನೇ ಅಲ್ವೇನೇ? ಹೋಗ್ತೀನಿ ಅಂತ ಯಾರಂತಾರೆ?”

ಇದನ್ನು ಹೇಳಿ ಮುಗಿಸಿ ಅವಳು ನನ್ನ ಕೀಬೋರ್ಡನ್ನೇ ನೋಡುತ್ತ ಕೂತಳು. “ಅಣ್ಣ, ‘ಬರ್ತೀನಿ’ ಅನ್ನೋದು ಆಧಾರ ಆಗುತ್ತಾ?” ಎಂದು ಕೇಳಿದಳು. ನಾನು ಟೈಪ್ ಮಾಡುವವನು, ನನಗೇನು ಗೊತ್ತು? ಫ್ಯಾನಿನ ವೇಗ ಹೆಚ್ಚಿಸಿದೆ.

ಮೂರನೆಯ ಅಧ್ಯಾಯವನ್ನು ತಿದ್ದಿದೆವು. ಮೂವತ್ತೊಂಬತ್ತು ಜನ ‘ಹೋದರು’, ಮಾಸಿದ ಶಾಯಿಯನ್ನೂ ಓದಿದ ಮೇಲೆ ಇಬ್ಬರು ‘ಮದುವೆಯಾಗಿ ಹೋದರು’. ಇನ್ನೇನು ಪ್ರಿಂಟ್ ಕೊಡಬೇಕು, ಅವಳು ಮೊದಲ ಪುಟ ತೆರೆಯಲು ಹೇಳಿದಳು. “ಒಂದು ಪದ ತೆಗೀಬೇಕು ಅಣ್ಣ.” ನಾನು ‘ದಿವಂಗತ’ ಅಳಿಸಿದೆ. ಖಾಲಿ ಪುಟದ ನಡುವೆ ‘ತಾಯಿಗೆ’ ಎಂಬುದೊಂದೇ ಉಳಿಯಿತು.

ನನ್ನ ನಾಲಿಗೆಗೆ ಎಲುಬಿಲ್ಲ. “ಒಳ್ಳೇದೇ ಆಯ್ತಲ್ಲಮ್ಮ, ಸತ್ತೋರು ಬದುಕಿ ಬಂದಹಾಗಾಯ್ತು” ಎಂದುಬಿಟ್ಟೆ.

“ಸತ್ತಿದ್ದಾಗ ಜೊತೇಲಿದ್ಲು ಅಣ್ಣ. ಇಸ್ತ್ರಿ ಹಾಕ್ತಾ ದಿನಾ ಮಾತಾಡ್ತಿದ್ದೆ. ಈಗ ಯಾರ ಹತ್ರ ಮಾತಾಡಲಿ? ಎಲ್ಲೋ ಇದ್ದಾಳೆ, ಬಂದಿಲ್ಲ” ಎಂದಳು.

ರಟ್ಟು ಹಾಕಿಸಿದ ಮೂರು ಪ್ರತಿಗಳನ್ನು ಎದೆಗವಚಿಕೊಂಡು ಎದ್ದಳು. ಪ್ರಬಂಧ ಮುಗಿದಿತ್ತು, ನನ್ನ ಅಂಗಡಿಯಲ್ಲಿ ಅವಳಿಗೆ ಇನ್ನು ಕೆಲಸವಿರಲಿಲ್ಲ. ಸ್ಟೂಲ್ ಇಲ್ಲೇ ಇರುತ್ತದೆ, ಸುಮ್ಮನೆ ಬಂದು ಕೂರಮ್ಮ ಎಂದು ಹೇಳಬೇಕೆಂದಿದ್ದೆ. ಬಾಗಿಲಲ್ಲಿ ಅವಳು ಎಂದಿನಂತೆ ತಿರುಗಿ “ಬರ್...” ಎಂದವಳು ಅಲ್ಲೇ ತಡೆದಳು.

“ಹೋಗ್ತೀನಿ ಅಣ್ಣ” ಎಂದಳು.

ಮೂವತ್ತು ವರ್ಷಗಳಲ್ಲಿ ನನ್ನ ಅಂಗಡಿಯಿಂದ ಹಾಗೆಂದು ಹೊರಟವರು ಇನ್ನೊಬ್ಬರಿಲ್ಲ.